ಮದ್ರಸಾದ ಹೊತ್ತು

ಬಣಕಲ್ಲಿನ ಚರಿತ್ರೆಯಲ್ಲಿ ಬರೆದಿಡಬೇಕಾದ ಘಟನೆಯೊಂದು ನಡೆಯಿತು: ಎಂಟೂವರೆಗೆ ಮೂಡಿಗೆರೆಗೆ ಹೋಗುತ್ತಿದ್ದ ಬಸ್ಸು ಏಳೂವರೆಗೇ ಹೊರಡತೊಡಗಿತು. ಮದ್ರಸಾ ಶುರುವಾಗುವುದು ಏಳಕ್ಕೆ, ಬಿಡುವುದು ಎಂಟಕ್ಕೆ. ಮೂಡಿಗೆರೆಯ ಕಾಲೇಜಿನಲ್ಲಿ ಪಿಯುಸಿ ಓದುತ್ತಿದ್ದ ಮಿಸ್ರಿಯಾ ಈಗ ಎರಡರಲ್ಲೊಂದನ್ನು ಬಿಡಬೇಕು. ಯಾವುದನ್ನೆಂದು ಮಸೀದಿಯ ಜಮಾತಿನ ಅಧ್ಯಕ್ಷರಾದ ಅವಳ ಸೋದರಮಾವ ಇದಿನಬ್ಬ, ಯಾರೂ ಕೇಳದೆಯೇ ತೀರ್ಪು ಕೊಟ್ಟರು: "ಹೆಣ್ಣುಮಗು. ಕಾಲೇಜಿಗೆ ಹೋದದ್ದು ಸಾಕು."

ಮಿಸ್ರಿಯಾ ಎರಡನ್ನೂ ಬಿಡುವವಳಲ್ಲ. ಅಂದು ಮದ್ರಸಾದಲ್ಲಿ ಕಲಿಸುವ ಉಸ್ತಾದರಿಗೆ ಊಟ ಕೊಡುವ ಸರದಿ ಅವಳ ಮನೆಯದು. ಬುತ್ತಿಯನ್ನು ತಾನೇ ಮದ್ರಸಾದ ಜಗುಲಿಗೆ ಒಯ್ದಳು.

"ಉಸ್ತಾದ್, ವಿದ್ಯೆ ಕಲಿಯೋದು ಗಂಡಿಗೂ ಹೆಣ್ಣಿಗೂ ಕಡ್ಡಾಯ ಅಂತ ನೀವೇ ಅಲ್ವಾ ಕಲಿಸಿದ್ದು?"

"ಹೌದು. ಅದಕ್ಕೀಗ?"

"ಮದ್ರಸಾ ಆರಕ್ಕೇ ಶುರು ಮಾಡಿ."

"ಈ ಚಳೀಲಿ ಯಾರು ಏಳ್ತಾರೆ ಮಾರಾಯ್ತಿ?"

"ಬೆಳಗಿನ ಜಾವ ಸುಬಹಿ ನಮಾಜಿಗೆ ಏಳದ ಮನೆ ನಮ್ಮ ಜಮಾತಲ್ಲಿ ಒಂದೂ ಇಲ್ಲ ಅಂತ ಮಾವ ಊರಿಡೀ ಹೇಳ್ತಾರಲ್ಲ. ಸುಳ್ಳಾ?"

ಉಸ್ತಾದರು ಗಡ್ಡದೊಳಗೇ ನಕ್ಕರು. ಶುಕ್ರವಾರ ಜಮಾತಿನ ಸಭೆಯಲ್ಲಿ ಇದನ್ನೇ ಕೇಳಿದರು. ನಮ್ಮ ಮನೆಯವರು ಆರಕ್ಕೆ ಮಲಗಿರುತ್ತಾರೆ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ, ಇದಿನಬ್ಬರಿಗಂತೂ ಬರುವಂತೆಯೇ ಇರಲಿಲ್ಲ.

ಸೋಮವಾರದಿಂದ ಮದ್ರಸಾ ಆರಕ್ಕೆ ಶುರುವಾಗಿ ಏಳಕ್ಕೆ ಬಿಡತೊಡಗಿತು. ಮಿಸ್ರಿಯಾ ಕಾಲೇಜು ಬಿಡಲಿಲ್ಲ.