ಗಜನಿಯ ಬಾಗಿಲು, ನಾಗಿಯ ತಲೆನೋವು

ಹಟ್ಟಿಕೇರಿಯ ಬೀರುವಿಗೆ ದಿನಕ್ಕೆರಡು ಸಲ ಸಮುದ್ರದ ಜೊತೆ ತಕರಾರು. ಉಬ್ಬರ ಏರಿದಾಗ ಹಳ್ಳದ ಉಪ್ಪುನೀರು ಗಜನಿ ಎನ್ನುವ ತಗ್ಗಿನ ಗದ್ದೆಗೆ ನುಗ್ಗದಂತೆ ಕಟ್ಟಿನ ಹಲಗೆ ಬಾಗಿಲು ಮುಚ್ಚಬೇಕು, ಇಳಿದಾಗ ತೆರೆಯಬೇಕು. ನೀರಿನ ಬಣ್ಣ ನೋಡಿಯೇ ಉಬ್ಬರದ ಹೊತ್ತು ಹೇಳುವ ಗಂಡಿಗೆ ಸ್ವಂತ ಹೆಂಡತಿ ನಾಗಿಯ ತಲೆನೋವು ಮಾತ್ರ ತಿಳಿಯಲಿಲ್ಲ.

ನಾಗಿಗೆ ತಿಂಗಳಲ್ಲಿ ನಾಲ್ಕೈದು ಸಲ ಅರೆತಲೆ ಸಿಡಿಯುತ್ತದೆ. ಒಂದು ಕಣ್ಣಿನ ಹಿಂದೆ ಯಾರೋ ಕೂತು ಭತ್ತ ಕುಟ್ಟಿದ ಹಾಗೆ. ಬೆಳಕು ಬೇಡ, ಸದ್ದು ಬೇಡ, ಒಣಮೀನಿನ ವಾಸನೆ ಬಂದರೆ ವಾಂತಿ. ಅವಳು ತಲೆಗೆ ಬಟ್ಟೆ ಬಿಗಿದು ಮಲಗಿದರೆ ಅತ್ತ ಕೊಯ್ಲು ಅರ್ಧಕ್ಕೇ ನಿಲ್ಲುತ್ತದೆ. ಜ್ವರವಿಲ್ಲ, ಬಾವಿಲ್ಲ, ಮರುದಿನ ಎದ್ದು ನಗುತ್ತಾಳೆ. ಇದೆಂಥ ಕಾಯಿಲೆ ಎಂಬುದು ಬೀರುವಿನ ಪ್ರಶ್ನೆ. ಕೊನೆಗೆ ಅವನೇ ಒಂದು ನಿರ್ಧಾರಕ್ಕೆ ಬಂದ. ಭಾನುವಾರ ಅಮದಳ್ಳಿ ಕಡೆಯ ಮುದುಕನೊಬ್ಬನನ್ನು ಕರೆಸಿ ನಾಗಿಯ ಕಣತಲೆಗೆ ಬರೆ ಹಾಕಿಸುವುದು.

ನಾಗಿ ಎದುರಾಡಲಿಲ್ಲ. ಕಾದ ಕಬ್ಬಿಣ ನೆನೆದು ಎರಡು ದಿನ ಅನ್ನ ಸೇರಲಿಲ್ಲ, ಅಷ್ಟೇ. ಹೊಟ್ಟೆ ಖಾಲಿಯಾಗಿ ಶನಿವಾರ ನೋವು ಮತ್ತೆ ಎದ್ದಿತು.

ಆ ಹೊತ್ತಿಗೆ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಬಂದಿದ್ದ ನರ್ಸಬಾಯಿ ಸಂಧ್ಯಾ ನೀರು ಕುಡಿಯಲು ಒಳಗೆ ಬಂದಳು. ಮಲಗಿದ್ದ ನಾಗಿಯನ್ನು ಕಂಡು, ಎಷ್ಟು ವರ್ಷದಿಂದ, ಯಾವ ಕಡೆ, ವಾಂತಿ ಆಗುತ್ತದೆಯೇ, ಕೈಕಾಲು ಸೋಲುತ್ತದೆಯೇ ಎಂದೆಲ್ಲ ಮೆಲ್ಲಗೆ ಕೇಳಿದಳು. ಆಮೇಲೆ ಜಗಲಿಯಲ್ಲಿ ಬೀರುವಿನ ಎದುರು ಕೂತು, ಇದು ಮೈಗ್ರೇನ್ ಇದ್ದ ಹಾಗಿದೆ, ನಿಜವಾದ ಕಾಯಿಲೆ, ಡಾಕ್ಟರಿಗೆ ತೋರಿಸಿ ಎಂದಳು. ಗೋಡೆಯಾಚೆ ಮಲಗಿದ್ದ ನಾಗಿ ಕಣ್ಣು ಮುಚ್ಚಿಕೊಂಡೇ ಕಿವಿಗೊಟ್ಟಳು.

"ಕಣ್ಣಿಗೆ ಕಾಣೂದೇ ಇಲ್ಲ. ಕಾಯ್ಲೆ ಹ್ಯಾಂಗೆ ನರ್ಸಬಾಯಿ?"

"ಬೀರಣ್ಣ, ನಿಮ್ಮ ಕಟ್ಟಿನ ಬಾಗ್ಲು ಸಡ್ಲ ಆದ್ರೆ ಎಂತ ಆತದೆ?"

"ಸಣ್ಣ ಉಬ್ಬರಕ್ಕೂ ನೀರ ನುಗ್ತದೆ. ಒಂದ ಗದ್ದೆ ತುಂಬಿ ಮುಂದಿನ ಗದ್ದೆಗೂ ಹೋತದೆ."

ನರಗಳಲ್ಲೂ ಅಂಥ ಬಾಗಿಲುಗಳಿವೆ ಎಂದಳು ಸಂಧ್ಯಾ. ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಡಾಕ್ಟರರು ಅಯಾನ್ ಚಾನೆಲ್ ಅನ್ನುತ್ತಾರೆ. ಸೋಡಿಯಂ, ಕ್ಯಾಲ್ಸಿಯಂನಂಥ ಲವಣಗಳ ಕಣಗಳು ಅವುಗಳಲ್ಲಿ ಒಳಹೊರಗೆ ಹರಿದಾಗಲೇ ನರ ಸುದ್ದಿ ಮುಟ್ಟಿಸುವುದು. ಮೈಗ್ರೇನ್ ಇರುವ ಕೆಲವರಲ್ಲಿ ಈ ಬಾಗಿಲುಗಳು ಬೇಗ ತೆರೆದುಕೊಳ್ಳುತ್ತವೆ ಎಂದು ವಿಜ್ಞಾನಿಗಳ ಅಂದಾಜು, ಶೋಧನೆ ಇನ್ನೂ ನಡೆದಿದೆ. ಹಸಿವು, ನಿದ್ದೆಗೇಡು, ಕೊಯ್ಲಿನ ಬಿಸಿಲು ಇಷ್ಟು ಸಾಕು. ನರಗಳು ಕೆರಳಿ ನೋವು ಹಬ್ಬುತ್ತದೆ.

"ಹಂಗಾರೆ ಉಪ್ಪಿನ ಮೀನ ಬಿಡೂಕಾ?" ಬೀರುವಿಗೆ ಅದೇ ದೊಡ್ಡ ಚಿಂತೆಯಾಯಿತು.

ಊಟದ ಉಪ್ಪಿನ ತಪ್ಪಲ್ಲ ಮಾರಾಯ ಎಂದು ಸಂಧ್ಯಾ ನಕ್ಕಳು. ನಾಳೆ ಬರೆ ಹಾಕಿಸುವ ಮಾತನ್ನು ಬೀರು ಎತ್ತಿದಾಗ ಮಾತ್ರ, ಮೇಲಿಂದ ಚರ್ಮ ಸುಟ್ಟರೆ ಒಳಗಿನ ಬಾಗಿಲು ಮುಚ್ಚುವುದಿಲ್ಲ, ಗಾಯ ಕೀವಾಗುತ್ತದೆ ಎಂದು ಎಚ್ಚರಿಸಿದಳು.

"ನಮ್ಮ ಅವ್ವಂಗೂ ಬರೆ ಹಾಕಿದ್ರು. ಗುಣ ಆಗ್ಲಿಲ್ವ?"

ಬಾಗಿಲಲ್ಲಿ ನಿಂತಿದ್ದ ಬೀರುವಿನ ತಾಯಿ ಸುಕ್ರಿ ಜಗಲಿಗೆ ಬಂದಳು. ಕೂದಲು ಸರಿಸಿ ಕಣತಲೆಯ ಕರಿಕಲೆ ಮುಟ್ಟಿಕೊಂಡಳು.

"ಗುಣ ಆಗ್ಲಿಲ್ಲ ಮಗಾ. ಇನ್ನೊಂದ ಬರೆ ಹಾಕ್ತ್ರು ಅಂತ ಹೆದ್ರಿ, ನೋವ ಹೋತು ಅಂದೆ. ಮೂವತ್ತ ವರ್ಷ ಹಂಗೇ ಹಲ್ಲ ಕಚ್ಕಂಡ ಗದ್ದೆಗೆ ಹೋದೆ."

ಬೀರು ಎದ್ದು ಅಂಗಿ ಹಾಕಿಕೊಂಡು ಅಮದಳ್ಳಿಗೆ ಹೋದ, ಬರುವುದು ಬೇಡ ಎಂದು ಮುದುಕನಿಗೆ ಹೇಳಿ ಬಂದ. ಸೋಮವಾರ ಹೆಂಡತಿಯನ್ನೂ ತಾಯಿಯನ್ನೂ ಅಂಕೋಲೆಯ ಆಸ್ಪತ್ರೆಗೆ ಕರೆದೊಯ್ದ. ನಾಗಿಗೆ ನೋವು ಶುರುವಾದ ಕೂಡಲೇ ತೆಗೆದುಕೊಳ್ಳುವ ಮಾತ್ರೆ ಬೇರೆ, ನೋವು ಪದೇ ಪದೇ ಬಾರದಂತೆ ದಿನವೂ ನುಂಗುವ ಮಾತ್ರೆ ಬೇರೆ ಸಿಕ್ಕಿತು. ನೋವು ಪೂರ್ತಿ ಹೋಗಿಲ್ಲ, ತಿಂಗಳಿಗೊಮ್ಮೆ ಬರುತ್ತದೆ. ಬಂದ ದಿನ ಕಿಟಕಿ ಮುಚ್ಚಿ ಗಂಜಿ ಕಾಯಿಸುವವನು ಬೀರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಲೆನೋವಿಗೆ ಬರೆ ಹಾಕಿಸಬೇಡಿ. ಡಾಕ್ಟರನ್ನು ಕೇಳದೆ ಅಂಗಡಿಯ ನೋವಿನ ಮಾತ್ರೆಯನ್ನು ದಿನಾ ನುಂಗಬೇಡಿ, ಅದರಿಂದಲೇ ನೋವು ಹೆಚ್ಚಬಹುದು. ಹೊತ್ತಿಗೆ ಉಣ್ಣಿ, ನಿದ್ದೆ ಮಾಡಿ, ಡಾಕ್ಟರಿಗೆ ತೋರಿಸಿ. ಎಂದೂ ಕಾಣದಂಥ ನೋವು ಒಮ್ಮೆಲೇ ಬಂದರೆ, ಜೊತೆಗೆ ಜ್ವರ ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಒಂದು ಗಳಿಗೆಯೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಹೆದರಿ ‘ನೋವು ಹೋಯಿತು’ ಅಂದವರು ನಿಮ್ಮ ಮನೆಯಲ್ಲೂ ಇರಬಹುದು. ಇವತ್ತು ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳಿ ನೋಡಿ.