ಕತ್ತರಿಸದ ಉಂಗುರ

ವಾಡಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ದೇವಿಕಾಳ ಮೊಬೈಲಿಗೆ ಅಭಿನಂದನೆಗಳು ಬರತೊಡಗಿದವು. ಅವಳ ಸಂಶೋಧನಾ ಲೇಖನ ಪ್ರಕಟವಾಗಿದೆಯಂತೆ. ಅವಳು ಯಾವ ಲೇಖನವನ್ನೂ ಕಳಿಸಿರಲಿಲ್ಲ.

ತೆರೆದು ನೋಡಿದಳು. ಗೈಡ್ ಬೀರಲಿಂಗ ಸರ್ ಹೆಸರು, ಲ್ಯಾಬಿನ ಗೆಳತಿ ಜಯಮಾಲಾಳ ಹೆಸರು, ಎಲ್ಲಕ್ಕೂ ಮೊದಲು ತನ್ನದೇ ಹೆಸರು.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಮೂವತ್ತೆಂಟು ಹೆಂಗಸರ ರಕ್ತ ತಂದವಳು ಅವಳೇ. ಅವರನ್ನು ಒಪ್ಪಿಸಿದವಳು ಅಲ್ಲೇ ದುಡಿಯುವ ಅವಳ ಚಿಗವ್ವ, ಅವ್ವನ ತಂಗಿ ಮಹಾದೇವಮ್ಮ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಕ್ಕೆ ತನ್ನದೇ ಪುಟ್ಟ ಡಿಎನ್‌ಎ ಇದೆ, ಉಂಗುರದ ಆಕಾರದ್ದು. ಅದರ ಮೇಲೆ ಮೀಥೈಲ್ ಎಂಬ ಗುರುತು ಕೂತರೆ ಜೀನುಗಳ ಕೆಲಸ ಮಂದವಾಗಬಹುದು. ಧೂಳು ಕುಡಿದವರಲ್ಲಿ ಆ ಗುರುತು ಹೆಚ್ಚೇ? ಮೊದಲ ಪರೀಕ್ಷೆಯಲ್ಲಿ ಹೆಚ್ಚೇ ಕಂಡಿತು. ಖುಷಿಯಲ್ಲಿ ಚಿಗವ್ವನಿಗೂ ಹೇಳಿಬಿಟ್ಟಿದ್ದಳು.

ಆಮೇಲೆ ಅನುಮಾನ ಹುಟ್ಟಿತು. ಪರೀಕ್ಷೆಯ ರಾಸಾಯನಿಕ ಗುರುತಿಲ್ಲದ ಡಿಎನ್‌ಎ ಅಕ್ಷರಗಳನ್ನು ಬದಲಿಸುತ್ತದೆ, ಗುರುತಿದ್ದವನ್ನು ಹಾಗೇ ಬಿಡುತ್ತದೆ. ಬಿಗಿಯಾಗಿ ಸುತ್ತಿಕೊಂಡ ಉಂಗುರದೊಳಗೆ ಅದು ನುಗ್ಗದೇ ಹೋದರೆ, ಇಲ್ಲದ ಗುರುತೂ ಇದ್ದಂತೆ ಕಾಣುತ್ತದೆ. ಹೋಲಿಕೆಗೆಂದು ತಂದಿದ್ದ, ಧೂಳಿನ ಕೆಲಸವಿಲ್ಲದ ಚಂದಾಪುರದವರ ರಕ್ತ ಹಳೆಯದಾಗಿ ಉಂಗುರಗಳು ತಾವೇ ಒಡೆದಿದ್ದವು; ಅದಕ್ಕೇ ಅಲ್ಲಿ ಗುರುತು ಕಂಡಿರಲಿಲ್ಲ. ಈ ಸಲ ಶಹಾಬಾದಿನವರ ಉಂಗುರಗಳನ್ನೂ ಕತ್ತರಿಸಿ ನೋಡಿದಳು. ಗುರುತುಗಳು ಮಾಯ. ಮೂರು ಸಲ ಮಾಡಿದಳು. ಮೂರು ಸಲವೂ ಜಯಮಾಲಾ ಪಕ್ಕದಲ್ಲೇ ಕೂತಿದ್ದಳು.

“ಇರಲಿ, ಮುಂದ ನೋಡೂಣು,” ಎಂದಿದ್ದರು ಸರ್, ಆ ಅಂಕಿಗಳನ್ನು ತೋರಿಸಿದಾಗ.

ಈಗ ಲೇಖನದಲ್ಲಿ ಉಂಗುರ ಕತ್ತರಿಸಿಯೇ ಪರೀಕ್ಷಿಸಿದೆವು ಎಂದಿತ್ತು. ಅಂಕಿಗಳು ಮಾತ್ರ ಕತ್ತರಿಸುವ ಮುಂಚಿನವು. ಲೇಖಕರೆಲ್ಲರೂ ಒಪ್ಪಿದ್ದಾರೆ ಎಂಬ ಸಾಲೂ ಇತ್ತು. ದೇವಿಕಾ ಜಯಮಾಲಾಳಿಗೆ ಫೋನ್ ಮಾಡಿದಳು.

“ನನ್ನ ಒಪ್ಪಿಗೆ ಯಾರು ಕೊಟ್ರು?”

“ಲ್ಯಾಬ್ ಕಂಪ್ಯೂಟರಿನ್ಯಾಗ ನಿನ್ನ ಮೇಲ್ ತೆರದಿತ್ತು. ಸರ್ ಒಪ್ಪಿಗಿ ಲಿಂಕ್ ಒತ್ತು ಅಂದ್ರು, ಒತ್ತಿದೆ.”

“ಗುರುತು ಹೋಗಿದ್ದು ನೀನೂ ಕಣ್ಣಾರ ನೋಡಿದ್ದಿ.”

“ನೋಡಿದ್ದೆ. ನಿನ್ನ ಹೆಸರೇ ಮೊದಲು ಹಾಕ್ಸೀನಲ್ಲ, ದೇವಿ? ನಿನಗೂ ಛಲೋನೇ ಆತು.”

ಐದು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳು ಇವಳು. ಸುಳ್ಳನ್ನು ಉಪಕಾರದಂತೆ ಹೇಳುತ್ತಿದ್ದಳು. ದೇವಿಕಾ ಫೋನ್ ಕಟ್ ಮಾಡಿದಳು, ಬಂದ ರೈಲು ಹತ್ತಿ ಶಹಾಬಾದಿನಲ್ಲಿ ಇಳಿದಳು.

ಮಹಾದೇವಮ್ಮ ಸೆರಗಿನಿಂದ ಮುಖದ ಬಿಳಿ ಧೂಳು ಒರೆಸಿಕೊಳ್ಳುತ್ತ ಎಲ್ಲವನ್ನೂ ಕೇಳಿದಳು.

“ಅಂದ್ರ ನಮ್ಮ ರಕ್ತದಾಗ ಏನೂ ಇಲ್ಲೇನು?”

“ನಾ ಹೇಳಿದ ಗುರುತು ಇಲ್ಲ, ಚಿಗವ್ವ. ನಿಮ್ಮ ಎದಿ ಕೆಟ್ಟಿದ್ದು ಖರೇ, ಎಕ್ಸ್‌ರೇದಾಗ ಕಾಣ್ತದ. ಅದು ಬ್ಯಾರೆ.”

“ನನ್ನ ಮಾತಿಗಿ ಇವರೆಲ್ಲ ತೋಳು ಚಾಚಿದ್ರು. ದವಾಖಾನಿ ಖರ್ಚು ಮಾಲಕ ಕೊಡಬೇಕಂತ ನಿನ್ನ ಮಾತು ಹಿಡಕೊಂಡು ಜಗಳಾ ಮಾಡಾಕತ್ತಾರ.” ಅವಳ ದನಿ ಏರಲಿಲ್ಲ. “ನಿನಗ ಅವರು ಮೋಸ ಮಾಡಿದ್ರು. ನಮಗ್ಯಾರು ಮಾಡಿದ್ರು, ಹೇಳು?”

ದೇವಿಕಾ ಅಲ್ಲೇ ಕೆಳಗೆ ಕೂತುಬಿಟ್ಟಳು. ಖುಷಿಯಲ್ಲಿ ಆಡಿದ ತನ್ನ ಮಾತೇ ಇಲ್ಲಿಯವರೆಗೆ ನಡೆದು ಬಂದಿತ್ತು.

“ಹಂಗ ಕುಂದ್ರಬ್ಯಾಡ. ಮನಿ ಮನಿಗಿ ಬಾ, ನೀನ ಹೇಳು. ನಾ ಹೇಳಾಂಗಿಲ್ಲ.”

ಎರಡು ದಿನ ಅವಳು ಆ ಓಣಿಗಳಲ್ಲಿ ತಿರುಗಿ, ಪ್ರತಿ ಬಾಗಿಲಲ್ಲೂ ನಿಂತು ಹೇಳಿದಳು. ಕೆಲವರು ಕೂಡಿಸಿ ಚಹಾ ಕೊಟ್ಟರು. ಒಬ್ಬಳು ಬಾಗಿಲು ಹಾಕಿಕೊಂಡಳು. ಮೂರನೆಯ ದಿನ ಲೇಖನ ಪ್ರಕಟಿಸಿದ ಪತ್ರಿಕೆಯ ಸಂಪಾದಕರಿಗೆ ಮೂರೂ ಪರೀಕ್ಷೆಗಳ ಅಂಕಿಗಳನ್ನು ಕಳಿಸಿದಳು.

ಏಳು ತಿಂಗಳಿಗೆ ಲೇಖನವನ್ನು ಹಿಂತೆಗೆದರು. ಬೀರಲಿಂಗ ಸರ್ ಅವಳ ಪಿಎಚ್.ಡಿ. ಪ್ರಬಂಧಕ್ಕೆ ಸಹಿ ಹಾಕಲು ಒಪ್ಪಲಿಲ್ಲ. ಅವಳು ಬೇರೆ ಗೈಡ್ ಹುಡುಕಿ ಮೊದಲಿಂದ ಶುರು ಮಾಡಿದಳು. ಜಯಮಾಲಾ ಒಮ್ಮೆ ಕ್ಯಾಂಟೀನಿನಲ್ಲಿ ಎದುರು ಬಂದು ಕೂತಳು. ದೇವಿಕಾ ಉಂಡು ಮುಗಿಸಿ, ತಟ್ಟೆ ಎತ್ತಿಕೊಂಡು ಎದ್ದುಹೋದಳು.