ತೂತಿಲ್ಲದ ಟಬ್

ನಮ್ಮ ಮನೆಯಲ್ಲಿ ತೂತಿಲ್ಲದ ಟಬ್ ಒಂದೂ ಇರಲಿಲ್ಲ. ಎಲ್ಲಕ್ಕೂ ತೂತು ಕೊರೆದವಳು ನಾನೇ. ಕರಿಬೇವು, ಕನಕಾಂಬರ, ಬಸಳೆ ಎಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಮಣ್ಣು ತುಂಬಿ ತಾರಸಿಗೆ ಸಾಗಿಸುವ ಚಟ ನನ್ನದು. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ.

ಅವತ್ತು ಬೆಳಿಗ್ಗೆ ಹತ್ತಕ್ಕೆ ನಡುಮನೆಯ ಗಾಜಿನ ತೊಟ್ಟಿ ಮೂಲೆಯಲ್ಲಿ ಬಾಯಿಬಿಟ್ಟಿತು. ನೋಡನೋಡುತ್ತಿದ್ದಂತೆ ನೀರು ನಾಲ್ಕು ಬೆರಳು ಇಳಿಯಿತು. ಒಳಗಿದ್ದುದು ಒಂದೇ ಮೀನು, ಗೇಣುದ್ದದ ಕೆಂಪು ಮೀನು. ಅದರ ಎದುರಿಗೆ ಕುರ್ಚಿಯಲ್ಲಿ ನನ್ನ ಮಾವ ರಾಮಸ್ವಾಮಿ. ಎಂಟು ತಿಂಗಳ ಹಿಂದೆ ಲಕ್ವ ಹೊಡೆದು ಮಾತು ಹೋದ ಮೇಲೆ ಅವರು ಕಣ್ಣಿಟ್ಟು ನೋಡುವುದು ಅದೊಂದನ್ನೇ. ಅತ್ತೆ ತುತ್ತು ಕೊಡುವಾಗಲೂ ಬಾಯಿ ಇತ್ತ, ದೃಷ್ಟಿ ಅತ್ತ. ಮೀನು ಹೋದರೆ ಈ ಮನುಷ್ಯ ಉಳಿಯುತ್ತಾರಾ?

ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ.

"ಬಕೆಟ್‌ಗೆ ಹಾಕು," ಅಂದ ಅಭಿರಾಮ, ಎಲ್ಲ ಬಲ್ಲವನ ಹಾಗೆ.

"ಹೋದ್ಸಲ ತೊಟ್ಟಿ ತೊಳೆಯೋವಾಗ ಬಕೆಟ್‌ನಲ್ಲಿ ಅರ್ಧ ಗಂಟೆಗೇ ಬಾಯಿ ಬಿಟ್ಕೊಂಡು ಮೇಲೆ ಬಂದಿರ್ಲಿಲ್ವಾ? ಮರೆತುಬಿಟ್ಯಾ?" ಎಂದು ಫೋನ್ ಇಟ್ಟೆ. ತೊಟ್ಟಿ ಮಾರಿದ ಅಂಗಡಿಯವನನ್ನು ಕೇಳಿದರೆ ಅಂಟು ಹಾಕಿ ಒಂದು ದಿನ ಒಣಗಿಸಬೇಕಂತೆ. ಒಂದು ದಿನ ಎಲ್ಲಿಂದ ತರಲಿ?

ಸದ್ಯಕ್ಕೆ ಬಿರುಕಿಗೆ ಬಟ್ಟೆ ತುರುಕಿ, ತಾರಸಿಗೆ ಓಡಿ ದೊಡ್ಡ ನೀಲಿ ಟಬ್ಬಿನಿಂದ ಬಸಳೆಯನ್ನು ಬೇರುಸಮೇತ ಕಿತ್ತೆಸೆದೆ. ತಳದ ಹತ್ತಿರ ಪಕ್ಕದಲ್ಲಿ ನಾಲ್ಕು ತೂತು. ಬೀದಿಯಲ್ಲಿ ಪ್ಲಾಸ್ಟಿಕ್ ಬಿಂದಿಗೆ ರಿಪೇರಿ ಮಾಡುವವರು ಕಾದ ಕಬ್ಬಿಣದಿಂದ ತೇಪೆ ಹಾಕುವುದನ್ನು ಎಷ್ಟೋ ಸಲ ನೋಡಿದ್ದೆ. ಟಬ್ಬನ್ನು ತಿಕ್ಕಿ ತೊಳೆದು ಒರೆಸಿದೆ. ಹಳೆಯ ಬಕೆಟ್ಟಿನಿಂದ ನಾಲ್ಕು ಚೂರು ಕತ್ತರಿಸಿ, ದೋಸೆ ಸಟ್ಟುಗವನ್ನು ಒಲೆಯ ಮೇಲೆ ಕಾಯಿಸಿ, ಒಂದೊಂದು ತೂತಿನ ಮೇಲೂ ಚೂರಿಟ್ಟು ಒತ್ತಿದೆ. ಮನೆಯೆಲ್ಲ ಸುಟ್ಟ ವಾಸನೆ, ಬೆರಳಿಗೆ ಎರಡು ಬೊಬ್ಬೆ.

ಟಬ್ಬನ್ನು ಮಾವನ ಕುರ್ಚಿಯ ಪಕ್ಕಕ್ಕೇ ತಂದು, ತೊಟ್ಟಿಯಲ್ಲಿ ಉಳಿದಿದ್ದ ನೀರನ್ನು ಚೊಂಬಿನಲ್ಲಿ ತೋಡಿ ಹಾಕಿ ಮೀನನ್ನು ಬಿಟ್ಟೆ. ಅಷ್ಟರಲ್ಲಿ ಅತ್ತೆ ವೇದವತಿ ಕುಂಕುಮದ ಬಟ್ಟಲು ಹಿಡಿದು ಬಂದರು.

"ಹೊಸದಾಗಿ ನೀರು ತುಂಬಿದೀಯ, ಗಂಗೆಗೆ ಅರಿಶಿನ ಕುಂಕುಮ ಬೇಡ್ವೇನೆ?" ಎಂದು ಚಿಟಿಕೆ ಎತ್ತಿ ನೀರಿನ ಮೇಲೆ ಕೈ ಚಾಚಿದರು.

"ನೀರಿಗೆ ಹಾಕ್ಬೇಡಿ ಅತ್ತೆ, ಮೀನು ಸತ್ತೋಗತ್ತೆ!" ಎಂದು ಕಿರುಚಿಬಿಟ್ಟೆ.

ಮಾವನ ಗಂಟಲಿನಿಂದ ಎಂಥದೋ ಸದ್ದು ಬಂತು. ಖಾಲಿ ತೊಟ್ಟಿಯನ್ನೇ ನೋಡುತ್ತಿದ್ದವರ ಕಣ್ಣು ಗಾಬರಿಯಿಂದ ಅತ್ತಿತ್ತ ಹುಡುಕುತ್ತಿತ್ತು. ನನ್ನ ನಾಲಿಗೆಗೆ ಬರೆ ಹಾಕಬೇಕು ಅನ್ನಿಸಿತು.

ಅತ್ತೆ ನೆಲಕ್ಕೆ ಕೂತು, ನಾಲ್ಕು ತೇಪೆಗಳಿಗೂ ಹೊರಗಿನಿಂದ ಒಂದೊಂದು ಬೊಟ್ಟಿಟ್ಟರು. ಮೂರು ಬೊಟ್ಟು ಇಟ್ಟ ಹಾಗೇ ನಿಂತವು. ನಾಲ್ಕನೆಯದು ಕರಗಿ ಕೆಂಪಗೆ ಕೆಳಗಿಳಿಯಿತು.

"ಅಯ್ಯೋ, ಇಲ್ಲಿ ಸೋರ್ತಿದೆ ಕಣೇ!" ಎಂದವರೇ ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದರು. "ನೀ ಹೋಗಿ ಸಟ್ಟುಗ ಕಾಯ್ಸು. ನಾ ಹಿಡ್ಕೊಂಡಿರ್ತೀನಿ."

ನಾನು ಬರುವ ತನಕ ಮಂಡಿನೋವಿನ ಆ ಹೆಂಗಸು ಮಿಸುಕಲಿಲ್ಲ. ಹತ್ತು ನಿಮಿಷದ ಮಟ್ಟಿಗೆ ಮೀನನ್ನು ಬಕೆಟ್ಟಿಗೆ ದಾಟಿಸಿ, ಟಬ್ಬಿನ ನೀರು ಇಳಿಸಿ, ಒರೆಸಿ, ಈ ಸಲ ಎರಡು ಪದರ ಒತ್ತಿದೆ. ನೀರು ತುಂಬಿಸಿ ಬಿಟ್ಟೊಡನೆ ಮೀನು ಒಂದು ಸುತ್ತು ಹೊಡೆಯಿತು. ಎಲ್ಲೂ ಒಂದು ಹನಿಯಿಲ್ಲ. ನನಗೆ ಅಳುವೇ ಬಂತು.

ಕಣ್ಣೊರೆಸಿಕೊಂಡು ತಿರುಗಿದರೆ ಅತ್ತೆಯ ಹೆಬ್ಬೆರಳು ಮತ್ತೆ ತೇಪೆಯ ಮೇಲೆ.

"ಕೈ ತೆಗೀರಿ ಅತ್ತೆ, ಸೋರ್ತಿಲ್ಲ."

"ಇನ್ನೊಂದ್ ಸ್ವಲ್ಪ ಹೊತ್ತು ಇರ್ಲಿ ಕಣೇ," ಅಂದರು ಮೆಲ್ಲಗೆ, ತಲೆಯೆತ್ತದೆ. "ಅವ್ರು ನನ್ನೇ ನೋಡ್ತಿದಾರೆ."